ಸಮುದ್ರ ಸಮಿತಿಯ ಅಕ್ಕಯ್ಯ

ಹೋದ ಕಾರ್ತಿಕದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕಯ್ಯ ತೀರಿಕೊಂಡರು. ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ತೆಳ್ಳಗಿನ, ಕನ್ನಡಕದ, ಬಿಸಿಲಿಗೆ ಕಂದಿದ ಮುಖದ ಪ್ರೊಫೆಸರ್ ಒಬ್ಬರು ಕೂತಿದ್ದರು. ಪಾಯಸವನ್ನು ಚಮಚವಿಲ್ಲದೆ ಹೇಗೆ ತಿನ್ನುವುದೆಂದು ಎಲೆಯ ಮುಂದೆ ಯೋಚಿಸುತ್ತಿದ್ದರು. ಕಂದಿಕೆರೆಯಿಂದ ಬಂದ ನೆಂಟರೊಬ್ಬರು ಅಕ್ಕಯ್ಯನ ಯಜಮಾನರನ್ನು, "ಇವ್ರು ಯಾರ ಕಡೇರಪ್ಪ?" ಎಂದು ಕೇಳಿದರು. ಯಜಮಾನರು ಸಾರಿನ ಸೌಟು ಹಿಡಿದುಕೊಂಡೇ, ನಗದೆ, "ಸಮುದ್ರದ ಕಡೇರು" ಅಂದರು.

ನೆಂಟರು ತಲೆಯಾಡಿಸಿ ಊಟಕ್ಕೆ ಕೈ ಹಾಕಿದರು. ದುಃಖದ ಮನೆ, ಹೆಚ್ಚು ಕೇಳಬಾರದು ಅಂದುಕೊಂಡಿರಬೇಕು.

ಆದರೆ ಯಜಮಾನರು ಹೇಳಿದ್ದು ನಿಜ. ತಿಪಟೂರಿಗೂ ತುರುವೇಕೆರೆಗೂ ನಡುವಿನ ನಮ್ಮೂರಿನಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಸಮುದ್ರ ಕಾಣಬೇಕಾದರೆ ಒಂದಿಡೀ ಹಗಲು ಬಸ್ಸಿನಲ್ಲಿ ಕೂರಬೇಕು. ಇಂಥ ಊರಿನಲ್ಲಿ ಹುಟ್ಟಿ, ಇದೇ ಊರಿನಲ್ಲಿ ಮದುವೆಯಾಗಿ, ಹುಳಿಯಾರಿಗೆ ಮಗಳನ್ನು ಕೊಟ್ಟ ಅಕ್ಕಯ್ಯ, ಸರ್ಕಾರ ನೀರನ್ನೂ ಸಮುದ್ರವನ್ನೂ ಸರಿಯಾಗಿ ನೋಡಿಕೊಳ್ಳುತ್ತಿದೆಯೇ ಎಂದು ಪರಿಶೀಲಿಸುವ ಸಮಿತಿಯ ಸದಸ್ಯರಾಗಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಆ ಕಾರಣಕ್ಕೆ, ಮತ್ತು ನಮ್ಮಿಬ್ಬರ ಮನೆಗೆ ನಡುವೆ ಇದ್ದದ್ದು ಮೊಣಕಾಲೆತ್ತರದ ಕಾಂಪೌಂಡು ಅನ್ನುವ ಕಾರಣಕ್ಕೆ, ಆ ಸಮಿತಿಯ ಕೆಲಸಕ್ಕೆಲ್ಲ ನಾನೂ ಜೊತೆಗೆ ಹೋಗಬೇಕಾಯಿತು. ನಡೆದದ್ದನ್ನು ಕಣ್ಣಾರೆ ಕಂಡವಳು ನಾನು.

ಶುರುವಾದದ್ದು ಒಂದು ಫೋನಿನಿಂದ. ಅಕ್ಕಯ್ಯ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯರಾಗಿದ್ದವರು, ಆಮೇಲೆ ಮಹಿಳಾ ಸಂಘದ ಅಧ್ಯಕ್ಷರು. ಹಾಗಾಗಿ ಅವರ ನಂಬರು ಎಲ್ಲ ಇಲಾಖೆಗಳಲ್ಲೂ ಇತ್ತು. ಅವತ್ತು ನಾನು ಅವರ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಅಕ್ಕಯ್ಯನ ಕೈಗೆ ಹಿಟ್ಟು ಮೆತ್ತಿತ್ತು. ಮೊಣಕೈಯಿಂದ ಫೋನು ಒತ್ತಿ ಸ್ಪೀಕರಿಗೆ ಹಾಕಿದರು. ಬೆಂಗಳೂರಿನ ಯಾವುದೋ ಕಚೇರಿಯ ಅವಸರದ ದನಿ.

"ಮೇಡಂ, ತಾವು ಮಹಿಳಾ ಸಂಘದ ಅಧ್ಯಕ್ಷರು, ಹೌದಲ್ಲವಾ?"

"ಔದು."

"ತೆಂಗಿನ ತೋಟ ಇದೆ?"

"ಐತೆ."

"ಊರಿನಲ್ಲಿ ಎಲ್ಲರದೂ ತೆಂಗೇ?"

"ತೆಂಗು ಬುಟ್ರೆ ನಮಗೇನ್ ಐತೆ?"

"ಸರಿ ಮೇಡಂ, ಕರಾವಳಿ ಮಹಿಳಾ ಪ್ರತಿನಿಧಿ ಅಂತ ತಮ್ಮ ಹೆಸರು ಸೇರಿಸಿದ್ದೀವಿ. ಸಭೆಯ ದಿನ ತಿಳಿಸ್ತೀವಿ. ಧನ್ಯವಾದ."

ಫೋನು ಕಟ್ಟಾಯಿತು. ಅಕ್ಕಯ್ಯ ನನ್ನ ಮುಖ ನೋಡಿದರು. "ಏನಂದ್ನೇ ಟೀಚರಮ್ಮ? ಯಾವ್ ವಳಿ?"

"ಕರಾವಳಿ, ಅಕ್ಕಯ್ಯ. ಸಮುದ್ರದ ದಂಡೆ."

"ಓ," ಅಂದು ಹಿಟ್ಟು ನಾದತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಹೋಗಿ ಬರಾಣ ಬುಡು. ಕರದವ್ರ ಮನೆಗೆ ಹೋಗ್ದೆ ಇದ್ರೆ ಚೆನ್ನಾಗಿರಲ್ಲ" ಅಂದರು.

ಅಕ್ಕಯ್ಯ ಹೇಗಿದ್ದರು ಅಂತ ಹೇಳಿಬಿಡುತ್ತೇನೆ. ದಪ್ಪ, ಎತ್ತರ, ನಡೆದರೆ ಮನೆಯ ಪಾತ್ರೆಗಳೆಲ್ಲ ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಹಣೆಯ ಮೇಲೆ ಅಗಲ ವಿಭೂತಿ. ಏನು ಕಂಡರೂ ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳುವುದು ಅವರ ಅಭ್ಯಾಸ. ಕೊಬ್ಬರಿ ವ್ಯಾಪಾರದ ಮನೆಯವರಿಗೆ ಅದು ಸಹಜ. ಕಾಯನ್ನು ಕುಟ್ಟಿ, ಅಲ್ಲಾಡಿಸಿ, ಒಳಗೆ ನೀರಿದೆಯೋ ಒಣಗಿ ಕೊಬ್ಬರಿ ಬಿಟ್ಟಿದೆಯೋ ಎಂದು ತಿಳಿಯುತ್ತಾರೆ. ಅಕ್ಕಯ್ಯ ಅದನ್ನು ಕಾಯಿಗಷ್ಟೇ ನಿಲ್ಲಿಸಲಿಲ್ಲ. ನಮ್ಮ ಹೊಸ ಫ್ರಿಜ್ಜನ್ನು ಕುಟ್ಟಿ ನೋಡಿ "ತಗಡು ತೆಳ್ಳಗೈತೆ" ಅಂದರು. ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಬೀಗರ ಮನೆಯ ಗೋಡೆ ಕುಟ್ಟಿ, ಅವರೆಲ್ಲ ಕೇಳುವ ಹಾಗೆಯೇ, "ಸಿಮೆಂಟು ಕಮ್ಮಿ ಹಾಕವ್ರೆ. ಜನ ಒಳ್ಳೇರು" ಅಂದರು. ಮದುವೆ ಆಯಿತು. ಗೋಡೆ ಆಮೇಲೆ ಬಿರುಕು ಬಿಟ್ಟಿತು.

ಅವರ ಯಜಮಾನರು ಇದಕ್ಕೆ ಪೂರಾ ಎದುರು. ಸಣ್ಣ ಆಳು, ಸಣ್ಣ ದನಿ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇವರೇ ಕ್ಷಮಿಸಿ ಅನ್ನುವವರು. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುವುದು, ಉಳಿದ ಹೊತ್ತಿನಲ್ಲಿ ಅಕ್ಕಯ್ಯನ ಕಣ್ಣಿಗೆ ಬೀಳದ ಹಾಗೆ ಬೀಡಿ ಸೇದುವುದು, ಇಷ್ಟೇ ಅವರ ಜೀವನ.

ಮೊದಲ ಸಭೆಗೆ ಹೋಗಲು ಅಕ್ಕಯ್ಯ ತಿಪಟೂರಿನ ದರ್ಜಿ ಸಾಬರ ಹತ್ತಿರ ರವಿಕೆ ಹೊಲಿಸಿದರು. ಸಾಬರು ಟೇಪು ಹಿಡಿದುಕೊಂಡು, "ಸಮಂದರ್ ಮೀಟಿಂಗ್ ಅಂದ್ರೆ ನೀಲಿನೇ ಇರ್ಲಿ ಅಮ್ಮ" ಎಂದು ಸಲಹೆ ಕೊಟ್ಟರು. ಅಲ್ಲಿಂದ ಮುಂದೆ ಅಕ್ಕಯ್ಯ ಎಲ್ಲ ಸಭೆಗಳಿಗೂ ನೀಲಿ ಸೀರೆಯಲ್ಲೇ ಹೋದರು.

ಬೆಂಗಳೂರಿನ ಆ ತಣ್ಣನೆಯ ಕೋಣೆಯಲ್ಲಿ ಉದ್ದನೆಯ ಮೇಜು. ಪ್ರತಿಯೊಬ್ಬರ ಮುಂದೆಯೂ ಚಿಕ್ಕದೊಂದು ಪ್ಲಾಸ್ಟಿಕ್ ಬಾಟಲಿ ನೀರು. ಅಧ್ಯಕ್ಷರು ನಿವೃತ್ತ ಅಧಿಕಾರಿ, ಬಹಳ ಮರ್ಯಾದಸ್ಥರು. ಪಕ್ಕದಲ್ಲಿ ಕರಾವಳಿಯ ಕಾಲೇಜಿನಿಂದ ಬಂದ, ಕಡಲಿನ ಜೀವಿಗಳ ಬಗ್ಗೆ ಓದಿದ, ಅದೇ ತೆಳ್ಳಗಿನ ಪ್ರೊಫೆಸರು. ಪರಿಚಯ ಹೇಳಿಕೊಳ್ಳುವ ಸರದಿ ಬಂದಾಗ ಅಕ್ಕಯ್ಯ ಎದ್ದು ನಿಂತು ಕೈ ಮುಗಿದು ಹೇಳಿದರು: "ನಮ್ಮೂರಾಗೆ ಸಮುದ್ರ ಇಲ್ಲ. ಕೆರೆ ಐತೆ."

ಅಧ್ಯಕ್ಷರು ಸಹಾಯಕನನ್ನು ನೋಡಿದರು. ಸಹಾಯಕ ಕಡತ ನೋಡಿದ. "ಸರ್, ತೆಂಗು ಬೆಳೆಯುವ ಪ್ರದೇಶ ಅಂತ..." ಎಂದು ನಿಲ್ಲಿಸಿದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.

"ಆದೇಶ ಆಗಿಬಿಟ್ಟಿದೆ ತಾಯಿ. ಅದನ್ನ ರದ್ದು ಮಾಡಿಸೋ ಹೊತ್ತಿಗೆ ಸಮಿತಿಯ ಅವಧಿಯೇ ಮುಗಿಯುತ್ತೆ. ತಾವು ಕೂತ್ಕೊಳ್ಳಿ."

ಅಕ್ಕಯ್ಯ ಕೂತರು. ಹಿಂದಿನ ಸಾಲಿನಲ್ಲಿದ್ದ ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ.

ಗೋಡೆಯ ಮೇಲೆ ಪ್ರಗತಿಯ ಪಟ್ಟಿ ತೋರಿಸಿದರು. ಹಸಿರು ಅಂದರೆ ಗುರಿ ಮುಟ್ಟಿದೆ, ಹಳದಿ ಅಂದರೆ ಹಾದಿಯಲ್ಲಿದೆ, ಕೆಂಪು ಅಂದರೆ ಹಿಂದುಳಿದಿದೆ. ಕೊಳಚೆ ನೀರಿನ ಶುದ್ಧೀಕರಣ, ನದಿಗಳ ಸ್ವಚ್ಛತೆ, ಕಡಲತೀರದ ರಕ್ಷಣೆ, ಸಮುದ್ರಕ್ಕೆ ಸೇರುವ ಪ್ಲಾಸ್ಟಿಕ್ಕಿನ ತಡೆ, ಎಲ್ಲವೂ ಹಸಿರು. ಅಲ್ಲೊಂದು ಇಲ್ಲೊಂದು ಹಳದಿ. ಅಕ್ಕಯ್ಯ ಹಳದಿಯ ಮೇಲೆ ಕಣ್ಣಿಟ್ಟರು.

"ಸ್ವಾಮಿ, ಹಾದೀಲೈತೆ ಅಂದ್ರೆ ಎಲ್ಲಿಗೆ ಬಂದೈತೆ? ನಮ್ಮೂರ ಬಸ್ಸು ಕೇಳಿದ್ರೂ ಹಾದೀಲೈತೆ ಅಂತಾನೇ ಅಂತಾರೆ. ಸಾಯಂಕಾಲಕ್ಕೂ ಬರಲ್ಲ."

ಪ್ರೊಫೆಸರು ಮೇಜಿನ ಕೆಳಗೆ ಬಗ್ಗಿ ಏನನ್ನೋ ಹುಡುಕಿದರು. ನಗುವನ್ನು ಅಡಗಿಸಲು ಅವರಿಗೆ ಅದೊಂದೇ ಜಾಗ ಸಿಕ್ಕಿದ್ದು.

ಸಭೆ ಮುಗಿದ ಮೇಲೆ ಅಕ್ಕಯ್ಯ ಖಾಲಿ ಬಾಟಲಿಗಳನ್ನೆಲ್ಲ ಒಟ್ಟುಮಾಡಿ ಚೀಲಕ್ಕೆ ತುಂಬಿದರು, ಮನೆಯಲ್ಲಿ ಕೊಬ್ಬರಿ ಎಣ್ಣೆ ಹಾಕಿಡಲು. ಅಧ್ಯಕ್ಷರು ಇದನ್ನು ಮೌನ ಪ್ರತಿಭಟನೆ ಎಂದು ತಿಳಿದು ಬಹಳ ನಾಚಿಕೊಂಡರು. ಮುಂದಿನ ಸಭೆಗೆ ಸ್ಟೀಲಿನ ಲೋಟ ಬಂದವು. ಇಲಾಖೆಯ ಸುದ್ದಿಪತ್ರದಲ್ಲಿ ಅಕ್ಕಯ್ಯನ ಫೋಟೋ ಹಾಕಿ ಹೊಗಳಿದರು. ಅಕ್ಕಯ್ಯ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬೇಜಾರು ಮಾಡಿಕೊಂಡರು: "ಬಾಟ್ಲು ಕೊಡಾದೇ ನಿಲ್ಸ್‌ಬಿಟ್ರಲ್ಲೇ. ನಾನೇನ್ ತಪ್ ಮಾಡ್ದೆ?"

ಸಭೆಗಳಿಂದ ಅವರು ಊರಿಗೆ ತಂದ ಇನ್ನೊಂದು ವಸ್ತು 'ಪ್ರಗತಿ' ಅನ್ನುವ ಪದ. ಮಗಳು ಹುಳಿಯಾರಿನಿಂದ ಬಂದು ಸಾರು ಮಾಡಿದರೆ, "ಸಾರಿನ ಪ್ರಗತಿ ಪರವಾಗಿಲ್ಲ, ಮುದ್ದೆ ಹಿಂದುಳಿದೈತೆ." ಯಜಮಾನರಿಗೆ, "ಬೀಡಿ ಬುಡೋದು ಹಾದೀಲೈತಾ?" ನಮ್ಮ ಶಾಲೆಯ ಹೆಡ್‌ಮಾಸ್ಟರನ್ನು ರಸ್ತೆಯಲ್ಲಿ ನಿಲ್ಲಿಸಿ, "ನಿಮ್ಮ ಕಕ್ಕಸು ಕೆಂಪು ಕಣ್ರೀ ಮೇಷ್ಟ್ರೇ" ಅಂದುಬಿಟ್ಟರು. ಪಾಪ, ಅವರು ಆಸ್ಪತ್ರೆಗೆ ಹೊರಟಿದ್ದರಂತೆ. ಪರೀಕ್ಷೆಯೇ ಮಾಡಿಸಿಕೊಳ್ಳದೆ ಇವರಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿಯಾದರು. ಅಕ್ಕಯ್ಯ ಹೇಳಿದ್ದು ಶಾಲೆಯ ಶೌಚಾಲಯದ ವಿಷಯ.

ಆಮೇಲೆ ಸಮಿತಿಯನ್ನು ಕರಾವಳಿಗೆ ಕರೆದುಕೊಂಡು ಹೋದರು. ನೋಡದೆ ಅಭಿಪ್ರಾಯ ಕೊಡುವುದಿಲ್ಲ ಎಂದು ಹಠ ಹಿಡಿದವರು ಅಕ್ಕಯ್ಯನೇ. ಮುಂಜಾನೆ ಬಸ್ಸಿಳಿದು ಗಾಳಿಮರಗಳ ಸಾಲು ದಾಟಿದೆವು. ಎದುರಿಗೆ ಸಮುದ್ರ. ನನಗೂ ಅದು ಎರಡನೇ ಸಲವೋ ಮೂರನೇ ಸಲವೋ ಅಷ್ಟೇ. ಅಕ್ಕಯ್ಯ ಸೊಂಟದ ಮೇಲೆ ಕೈಯಿಟ್ಟು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮತ್ತೆ ಎಡಕ್ಕೆ ನೋಡಿದರು.

"ಏರಿ ಎಲ್ಲೈತೆ?"

"ಏರಿ ಇಲ್ಲ ಅಮ್ಮ," ಅಂದರು ಪ್ರೊಫೆಸರು.

"ಏರಿ ಇಲ್ದೆ ಇಷ್ಟ್ ನೀರು ನಿಂತೈತಾ? ಕೋಡಿ?"

"ಕೋಡಿಯೂ ಇಲ್ಲ."

"ತುಂಬಿದ್ರೆ ಎತ್ತ ಹೋಯ್ತದೆ?"

ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು ತಾವೂ ಒಮ್ಮೆ ಎಡಕ್ಕೂ ಬಲಕ್ಕೂ ನೋಡಿದರು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಈ ಪ್ರಶ್ನೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಅಕ್ಕಯ್ಯ ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದರು. ಒಂದು ಅಲೆ ಬಂದು ಮಂಡಿಗೆ ಬಡಿದಾಗ, ಹೊಸ ಸೊಸೆಯ ಹಾಗೆ ನಾಚಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ದಂಡೆಗೆ ಬಂದ ಮೇಲೆ ಸುತ್ತಲಿನ ತೆಂಗಿನ ಮರಗಳನ್ನು ನೋಡಿ ಮಾಮೂಲಿನಂತಾದರು. "ಕಾಯಿ ಸಣ್ಣ. ಗೊಬ್ಬರ ಕಂಡಿಲ್ಲ ಇವು."

ಅಲ್ಲೇ ಬಲೆ ಬಿಡಿಸುತ್ತ ಒಬ್ಬ ಹೆಂಗಸು ಕೂತಿದ್ದಳು. ಅಕ್ಕಯ್ಯ ಮೀನು ಮುಟ್ಟದ ಮನೆತನದವರು. ಮೂಗಿಗೆ ಸೆರಗು ಹಿಡಿದುಕೊಂಡೇ ಅವಳ ಪಕ್ಕದಲ್ಲಿ ಮರಳಿನ ಮೇಲೆ ಕೂತರು. ಬಲೆಯೊಳಗೆ ಮೀನಿಗಿಂತ ಹೆಚ್ಚಾಗಿ ಹಾಲಿನ ಕವರು, ಚಿಪ್ಸಿನ ಕವರು, ಹರಿದ ಚಪ್ಪಲಿ.

"ಇದ್ಯಾರ್ ಹಾಕ್ತಾರವ್ವ ಇಲ್ಲಿ?"

"ಇಲ್ಲಿಯವರು ಸ್ವಲ್ಪ ಹಾಕ್ತಾರೆ. ಜಾಸ್ತಿ ಹೊಳೆಯಲ್ಲಿ ಬರ್ತದೆ ಅಮ್ಮ, ಮೇಲಿಂದ. ಮೇಲಿನವರು ಬಿಡ್ತಾರೆ, ನಾವು ಹೆಕ್ಕುದು."

"ಸರ್ಕಾರದೋರು ಏನೂ ಮಾಡಿಲ್ವಾ?"

"ಮಾಡಿದ್ದಾರಲ್ಲ. ಬೋರ್ಡು ಉಂಟು."

ನಿಜವಾಗಿಯೂ ಇತ್ತು. 'ಸ್ವಚ್ಛ ಕಡಲತೀರ' ಎಂದು ಹಸಿರು ಬಣ್ಣದ ದೊಡ್ಡ ಬೋರ್ಡು. ಅದರ ನೆರಳಿನಲ್ಲಿ ಕಸದ ಗುಡ್ಡೆ. ಅಕ್ಕಯ್ಯ ಎದ್ದು ಹೋಗಿ ಬೋರ್ಡನ್ನು ಕುಟ್ಟಿದರು. "ಟೊಳ್ಳು" ಅಂದರು.

ಹೊರಡುವಾಗ ಆ ಹೆಂಗಸು ಅಕ್ಕಯ್ಯನ ಕೈ ಹಿಡಿದು, "ನೀವು ದೊಡ್ಡವರಿಗೆ ಹೇಳ್ತೀರಾ ಅಮ್ಮ?" ಎಂದು ಕೇಳಿದಳು. "ಹೇಳ್ತೀನಿ ಕಣವ್ವ," ಅಂದರು ಅಕ್ಕಯ್ಯ. ಕೈಗೆ ಮೀನಿನ ವಾಸನೆ ಹತ್ತಿತ್ತು. ಬಸ್ಸಿನಲ್ಲಿ ಅದನ್ನು ಒಮ್ಮೆ ಮೂಸಿ ನೋಡಿಕೊಂಡು, ತೊಳೆಯದೆ ಹಾಗೆಯೇ ಮಡಿಲಲ್ಲಿಟ್ಟುಕೊಂಡರು.

ವಾಪಸು ಬರುವಾಗ ಪ್ರೊಫೆಸರು ನಕ್ಷೆ ತೆಗೆದು ತೋರಿಸಿದರು. ನಮ್ಮ ಕಡೆಯ ಕೆರೆಗಳ ಕೋಡಿ ನೀರು ಶಿಂಷಾ ಹೊಳೆಗೆ, ಶಿಂಷಾ ಕಾವೇರಿಗೆ, ಕಾವೇರಿ ತಮಿಳುನಾಡಿನ ಆಚೆಗೆ, ಪೂರ್ವದ ಸಮುದ್ರಕ್ಕೆ. ಅಕ್ಕಯ್ಯನ ಮುಖ ಬಾಡಿತು.

"ಹಂಗಾರೆ ನಾವು ನೋಡ್ಕೊಂಡ್ ಬಂದಿದ್ದು ನಮ್ ಸಮುದ್ರ ಅಲ್ವಾ?"

"ಅಲ್ಲ ಅಮ್ಮ. ನಿಮ್ಮ ನೀರು ಆ ಕಡೆ ಹೋಗುತ್ತೆ."

"ಅಷ್ಟ್ ದೂರ ಬಂದು ಬೇರೆಯೋರ್ ಸಮುದ್ರ ನೋಡ್ದಂಗಾಯ್ತಲ್ರೀ!"

"ಕೊನೆಗೆ ಎಲ್ಲ ಸಮುದ್ರವೂ ಒಂದೇ. ಕೂಡಿಕೊಂಡಿವೆ."

"ಹಂಗಂತ ಮೊದ್ಲೇ ಹೇಳ್ಬಾರ್ದಾ," ಎಂದು ಅಕ್ಕಯ್ಯ ಸಮಾಧಾನ ಮಾಡಿಕೊಂಡು ನಿದ್ದೆ ಹೋದರು. ಹಾಸನ ದಾಟಿದ ಮೇಲೆ ಎಚ್ಚರಾಗಿ, ನನ್ನ ಪಕ್ಕೆ ತಿವಿದು, "ಏ ಟೀಚರಮ್ಮ, ಮೇಲಿನೋರು ಬಿಡ್ತಾರೆ ಅಂದ್ಲಲ್ಲ ಆ ಹೆಂಗ್ಸು, ಆ ಮೇಲಿನೋರು ಯಾರು? ನಾವೇ ಅಲ್ವೇನೇ?" ಅಂದರು.

ಆಗ ಅವರ ತಲೆಗೆ ಹೊಕ್ಕಿದ್ದು ನಮ್ಮೂರ ಕೆರೆ. ಊರಿನ ಚರಂಡಿ, ಹೋಟೆಲು, ಕಲ್ಯಾಣ ಮಂಟಪ ಎಲ್ಲದರ ಕೊಳಚೆಯೂ ನೇರ ಅದಕ್ಕೇ. ದಂಡೆಯಲ್ಲಿ ನೊರೆ, ಮೂಗು ಬಿಡುವ ಹಾಗಿಲ್ಲ. ಅದನ್ನು ಶುದ್ಧಿ ಮಾಡಲೆಂದೇ ಏರಿಯ ಹಿಂದೆ ಒಂದು ಘಟಕ ಕಟ್ಟಿದ್ದರು. ಗುಲಾಬಿ ಬಣ್ಣ ಬಳಿದು, ಬೀಗ ಹಾಕಿ ಹೋಗಿದ್ದರು. ಸಮಿತಿಗೆ ಕೊಟ್ಟ ವರದಿಯಲ್ಲಿ ನಾನು ಹುಡುಕಿ ನೋಡಿದೆ: ನಮ್ಮೂರಿನ ಘಟಕದ ಮುಂದೆ ಅಚ್ಚ ಹಸಿರು. ಪೂರ್ಣ.

"ಸಮುದ್ರ ಶುರುವಾಗೋ ಜಾಗ ನೋಡಕ್ಕೆ ಎಲ್ರೂ ನಮ್ಮೂರಿಗೆ ಬನ್ನಿ," ಎಂದು ಅಕ್ಕಯ್ಯ ಮುಂದಿನ ಸಭೆಯಲ್ಲಿ ಆಹ್ವಾನ ಕೊಟ್ಟರು. ಅಧ್ಯಕ್ಷರಿಗೆ ಕೋಡುಬಳೆಯ ಆಸೆಯನ್ನೂ ತೋರಿಸಿದರು. ಅವರು ಒಪ್ಪಿಕೊಂಡರು.

ಅವರು ಬಂದ ದಿನ ಊರಿಗೆ ಊರೇ ಘಟಕದ ಮುಂದೆ ನೆರೆದಿತ್ತು. ಇಲಾಖೆಯ ಇಂಜಿನಿಯರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಿದ್ದ. ಬೀಗದ ಕೈ ಗುತ್ತಿಗೆದಾರನ ಹತ್ತಿರ ಇದೆ, ಗುತ್ತಿಗೆದಾರ ಬಳ್ಳಾರಿಯಲ್ಲಿದ್ದಾನೆ ಎಂದ. ಹೊರಗಿನಿಂದಲೇ ನೋಡಿ ಹೋಗಬಹುದು ಎಂದ. ಅಧ್ಯಕ್ಷರು ಹೊರಗಿನಿಂದ ನೋಡಿ, "ಬಣ್ಣ ಚೆನ್ನಾಗಿದೆ" ಅಂದರು.

ಅಕ್ಕಯ್ಯ ಸುಮ್ಮನಿರಲಿಲ್ಲ. ಬಾಗಿಲ ಹತ್ತಿರ ಹೋಗಿ ಗೆಣ್ಣಿನಿಂದ ಕುಟ್ಟಿದರು. ಕಿವಿಯಿಟ್ಟರು. ಹುಬ್ಬು ಗಂಟಿಕ್ಕಿತು. ಈ ಸಲ ಅಂಗೈಯಿಂದ ಜೋರಾಗಿ ಬಡಿದರು. ಒಳಗೆ ಏನೋ ಗಡಗಡ ಉರುಳಿದ ಸದ್ದು.

"ಒಳಗೆ ಏನೋ ತುಂಬೈತೆ. ಬೀಗ ಒಡೀರಿ," ಅಂದರು.

"ಬೇಡ!" ಎಂದು ಇಂಜಿನಿಯರ್ ಕೂಗಿದ. ಅದೇ ಕ್ಷಣಕ್ಕೆ ಗುಂಪಿನ ಹಿಂದಿನಿಂದ ಇನ್ನೊಂದು ದನಿಯೂ "ಬ್ಯಾಡ!" ಅಂದಿತು. ಎಲ್ಲರೂ ತಿರುಗಿ ನೋಡಿದರು. ಅಕ್ಕಯ್ಯನ ಯಜಮಾನರು. ಜೀವಮಾನದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು, ಅವರಿಗೇ ಗಾಬರಿಯಾಗಿತ್ತು.

ಅಕ್ಕಯ್ಯ ಗಂಡನನ್ನು ನೋಡಿದರು. ಗಂಡ ನೆಲ ನೋಡಿದರು. ಆಮೇಲೆ ನಿಧಾನವಾಗಿ ಬನಿಯನ್ನಿನೊಳಗೆ ಕೈ ಹಾಕಿ, ದಾರಕ್ಕೆ ಕಟ್ಟಿದ್ದ ಬೀಗದ ಕೈ ಹೊರತೆಗೆದರು.

ಬಾಗಿಲು ತೆರೆದದ್ದೇ ತಡ, ಒಳಗಿದ್ದದ್ದೆಲ್ಲ ಹೊರಗೆ ಬಂತು. ತೆಂಗಿನ ಕಾಯಿ! ಸೂರಿನ ತನಕ ಪೇರಿಸಿದ್ದ ಕಾಯಿಗಳು ಒಂದರ ಮೇಲೊಂದು ಬಿದ್ದು ಉರುಳಿದವು. ಒಂದು ಕಾಯಿ ಅಧ್ಯಕ್ಷರ ಪಾದದ ಮೇಲೆ ಬಿತ್ತು. ಪ್ರೊಫೆಸರು ಜಿಗಿದು ಕಟ್ಟೆ ಹತ್ತಿದರು. ಇಂಜಿನಿಯರ್ ಎರಡು ಕೈಯಿಂದಲೂ ತಡೆಯಲು ಹೋಗಿ ಕಾಯಿಗಳ ಜೊತೆಗೇ ಇಳಿಜಾರಿನಲ್ಲಿ ಕೂತು ಜಾರಿದ. ಚರಂಡಿಗೆ ಬಿದ್ದವು ಕೊಳಚೆಯ ಜೊತೆಯಲ್ಲೇ ತೇಲಿಕೊಂಡು ಕೆರೆಯ ಕಡೆಗೆ ಹೊರಟವು. ಜನ ಮೊದಲು ಓಡಿದರು, ಆಮೇಲೆ ಕಾಯಿ ಹೆಕ್ಕಲು ವಾಪಸು ಓಡಿ ಬಂದರು.

ವಿಷಯ ಇಷ್ಟೇ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಲು ಬಿಡಬೇಕು. ಮನೆಯ ಅಟ್ಟ ತುಂಬಿತ್ತು. ಘಟಕಕ್ಕೆ ಕರೆಂಟೇ ಬಂದಿರಲಿಲ್ಲ, ಮೋಟಾರು ತಿರುಗಿರಲಿಲ್ಲ. ಒಳ್ಳೆಯ ಗಾಳಿ, ಇಲಿ ಕಾಟವಿಲ್ಲ. ಸುಮ್ಮನೆ ಇರುವ ಜಾಗ ಅಂತ ಯಜಮಾನರು ಇಂಜಿನಿಯರನ್ನು ಕೇಳಿದ್ದಾರೆ, ಇಂಜಿನಿಯರ್ ಬೀಗದ ಕೈಯನ್ನೇ ಕೊಟ್ಟಿದ್ದಾನೆ. ಅಕ್ಕಯ್ಯನಿಗೆ ಕಾಯಿ ತಿಪಟೂರಿನ ಗೋಡೌನಿನಲ್ಲಿದೆ ಎಂದು ಹೇಳಿದ್ದರು.

ಅಕ್ಕಯ್ಯ ಉರುಳುವ ಕಾಯಿಗಳ ನಡುವೆ ನೀಲಿ ಸೀರೆಯಲ್ಲಿ ಅಲ್ಲಾಡದೆ ನಿಂತಿದ್ದರು. ಮುಖ ಕೆಂಪಗಾಗಿತ್ತು. ಕೊನೆಗೆ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ಗಂಡನಿಗೆ, "ಚೆನ್ನಾಗಿ ಒಣಗೈತೆ," ಅಂದರು. ಅದನ್ನು ಹೇಳಿದ ರೀತಿಗೆ ಯಜಮಾನರು ಅಲ್ಲೇ ಬೆವೆತು ಹೋದರು.

ಸಮಿತಿಯವರು ಕೈಕಾಲು ತೊಳೆದುಕೊಂಡು ಅಕ್ಕಯ್ಯನ ಜಗಲಿಯಲ್ಲಿ ಕಾಫಿಗೆ ಕೂತಾಗ, ಇಂಜಿನಿಯರ್ ಅಡುಗೆಮನೆಯ ಬಾಗಿಲಿಗೆ ಬಂದ. ನಾನು ಕೋಡುಬಳೆ ತಟ್ಟೆಗೆ ಹಾಕುತ್ತಿದ್ದೆ.

"ಮೇಡಂ, ನೀವು ಕರೆಂಟಿನ ವಿಷಯ ಎತ್ತಬೇಡಿ, ನಾವು ಕಾಯಿ ವಿಷಯ ಎತ್ತಲ್ಲ. ಅಧ್ಯಕ್ಷರಿಗೂ ಬರೆಯೋಕೆ ಇಷ್ಟ ಇಲ್ಲ. ನಿಮ್ಮ ಮನೆತನದ ಮರ್ಯಾದೆ ಪ್ರಶ್ನೆ."

ಅಕ್ಕಯ್ಯ ಲೋಟಗಳಿಗೆ ಕಾಫಿ ಹಾಕುತ್ತಲೇ ಇದ್ದರು. ಅವನು ಹೋದ ಮೇಲೆ ಹಿತ್ತಲಿಗೆ ಹೋದರು, ನಾನೂ ಹಿಂದೆಯೇ ಹೋದೆ. ಯಜಮಾನರು ಹಸುವಿನ ಹಿಂದೆ ನಿಂತಿದ್ದರು.

"ಏನ್ ಮಾಡ್ಲಿ?" ಎಂದು ಅಕ್ಕಯ್ಯ ಕೇಳಿದರು. ಬಯ್ಯಲಿಲ್ಲ. ನಿಜವಾಗಿಯೂ ಕೇಳಿದರು.

"ಬುಡು ಕಣೇ. ಅವ್ರೂ ಸುಮ್ಕಿರ್ತಾರೆ, ನಾವೂ ಸುಮ್ಕಿರಾಣ. ಊರಾಗೆ ತಲೆ ಎತ್ಕೊಂಡ್ ಓಡಾಡ್ಬೇಕಲ್ಲ."

ಅಕ್ಕಯ್ಯ ಹಸುವಿನ ಬೆನ್ನು ಸವರುತ್ತ ನಿಂತರು. ಊರಿನಲ್ಲಿ ಎಲ್ಲರಿಗೂ ಬುದ್ಧಿ ಹೇಳಿಕೊಂಡು ಬಂದವರು. ಇದೊಂದು ಸಲ ಏನು ಮಾಡಬೇಕೆಂದು ಅವರಿಗೇ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಆ ಬಲೆಯೋಳಿಗೆ ಹೇಳ್ತೀನಿ ಅಂದಿದ್ನಲ್ಲೇ," ಅಂದರು. ಅಷ್ಟೇ.

ಕೊನೆಯ ಸಭೆಗೆ ಬಹಳ ದೊಡ್ಡವರು ಬಂದಿದ್ದರು, ಕ್ಯಾಮೆರಾಗಳೂ ಬಂದಿದ್ದವು. ಎಲ್ಲ ಹಸಿರಾಗಿ ಸಾಗಿತ್ತು. 'ಕರಾವಳಿ ಮಹಿಳಾ ಪ್ರತಿನಿಧಿಗಳು ಎರಡು ಮಾತು' ಎಂದು ಕರೆದರು. ಅಕ್ಕಯ್ಯ ಮೈಕನ್ನು ಕುಟ್ಟಿ ನೋಡಿ ಶುರು ಮಾಡಿದರು.

"ಸಮುದ್ರದ ಹತ್ರ ಬೋರ್ಡ್ ಐತೆ, ಕಸಾನೂ ಐತೆ. ನಮ್ಮೂರಾಗೆ ಕೊಳಚೆ ನೀರಿಗೆ ಬಿಲ್ಡಿಂಗ್ ಐತೆ, ಕರೆಂಟಿಲ್ಲ. ಕರೆಂಟಿಲ್ಲ ಅಂತ ನಮ್ ಯಜಮಾನ್ರು ಅದ್ರೊಳಗೆ ಕಾಯಿ ತುಂಬಿದ್ರು. ತಪ್ಪು ಅವರ್ದೂ ಐತೆ, ಇವರ್ದೂ ಐತೆ. ಎರಡೂ ಬರ್ಕೊಳ್ಳಿ. ಒಂದು ಬರ್ದು ಒಂದು ಬುಟ್ರೆ ನಾನು ಸೈನ್ ಹಾಕಲ್ಲ."

ಕೋಣೆಯಲ್ಲಿ ಮೊದಲು ನಗು ಎದ್ದಿತು. ದೊಡ್ಡವರು ನಗಲಿಲ್ಲ, ಹಾಗಾಗಿ ಮಿಕ್ಕವರದೂ ನಿಂತಿತು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ವರದಿಯಲ್ಲಿ ಒಂದು ಸಾಲು ಸೇರಿತು. ಅದು ನನಗೆ ಬಾಯಿಪಾಠ: "ಘಟಕದ ಕಟ್ಟಡ ಪೂರ್ಣಗೊಂಡಿದ್ದು, ಪ್ರಸ್ತುತ ಕೊಬ್ಬರಿ ದಾಸ್ತಾನಿಗೆ ಬಳಕೆಯಾಗುತ್ತಿದೆ." ಅದರ ಮುಂದೆ ಕೆಂಪು.

ಊರಿನಲ್ಲಿ ಯಜಮಾನರ ಪಾಡು ಹೇಳತೀರದು. ಮಂಡಿಯಲ್ಲಿ ಅವರ ಮಾಲಿಗೆ 'ಚರಂಡಿ ಕೊಬ್ಬರಿ' ಎಂದು ಹೆಸರಿಟ್ಟರು. ಅವರು ಅಕ್ಕಯ್ಯನ ಜೊತೆ ಮಾತು ಬಿಟ್ಟರು. ಏನು ಹೇಳಬೇಕಾದರೂ ಕಾಂಪೌಂಡಿನ ಹತ್ತಿರ ಬಂದು ನನಗೆ ಹೇಳುವುದು: "ಟೀಚರೇ, ಸಾರಿಗೆ ಉಪ್ಪು ಜಾಸ್ತಿಯಾಗೈತೆ ಅಂತ ಹೇಳಿ." ಅಕ್ಕಯ್ಯ ಅಡುಗೆಮನೆಯಿಂದಲೇ, "ಸಮುದ್ರದ್ ಕಡೇರ್ ಮನೆ, ಉಪ್ಪಿರ್ತದೆ ಅಂತ ಹೇಳೇ," ಅನ್ನುವುದು. ನಾನು ಇಬ್ಬರಿಗೂ ಹೇಳಿ ಹೇಳಿ ಸುಸ್ತಾಗಿ ಒಂದು ವಾರ ತವರಿಗೆ ಹೋಗಿಬಿಟ್ಟೆ.

ವಾಪಸು ಬರುವ ಹೊತ್ತಿಗೆ ಏರಿಯ ಹಿಂದೆ ಕರೆಂಟು ಕಂಬ ನಿಂತಿದ್ದವು. ಘಟಕ ಶುರು ಮಾಡುವ ದಿನ ಸ್ವಿಚ್ಚು ಒತ್ತಲು ಅಕ್ಕಯ್ಯನನ್ನೇ ಕರೆದರು. ಅಕ್ಕಯ್ಯ ಗುಂಪಿನಲ್ಲಿ ಹುಡುಕಿ, ಗಂಡನ ತೋಳು ಹಿಡಿದು ಎಳೆದು ತಂದು, "ನೀವೇ ಒತ್ರಿ" ಅಂದರು. ಅವರು ಒತ್ತಿದರು. ಮೋಟಾರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ತಿರುಗತೊಡಗಿತು. ಆ ಸದ್ದಿನ ನಡುವೆ ಯಜಮಾನರು ಮಾತು ಬಿಟ್ಟ ಮೇಲೆ ಮೊದಲ ಸಲ ಹೆಂಡತಿಯನ್ನು ನೇರ ನೋಡಿ ಕೇಳಿದರು: "ಇನ್ಮೇಲೆ ಕಾಯಿ ಎಲ್ಲಿಡ್ಲೇ?"

"ನನ್ ತಲೆ ಮೇಲೆ ಇಡಿ," ಅಂದರು ಅಕ್ಕಯ್ಯ. ಇಬ್ಬರೂ ನಕ್ಕರು.

ಕೆರೆ ತಿಳಿಯಾಯಿತು ಎಂದರೆ ಸುಳ್ಳು. ನೊರೆ ಕಡಿಮೆಯಾಯಿತು, ಏರಿಯ ಮೇಲೆ ಮೂಗು ಮುಚ್ಚದೆ ನಡೆಯಬಹುದಾಯಿತು. "ಜಸ್ಟ್ ಪಾಸು," ಎಂದು ಅಕ್ಕಯ್ಯ ಸರ್ಕಾರಕ್ಕೆ ಅಂಕ ಕೊಟ್ಟರು. ಸಮಿತಿಗೆ ಮತ್ತೆ ಅವರನ್ನು ಕರೆಯಲಿಲ್ಲ. ಅವರ ಜಾಗಕ್ಕೆ ನಿಜವಾದ ಕರಾವಳಿಯವರನ್ನೇ ಹಾಕಿದರಂತೆ. ಅಕ್ಕಯ್ಯ ಅದನ್ನು ಕೇಳಿ, "ಪಾಪ, ಅವ್ರಿಗೆ ಏರಿ ಕೋಡಿ ಏನೂ ಗೊತ್ತಿರಲ್ಲ," ಎಂದು ಮರುಗಿದರು. ಪ್ರೊಫೆಸರು ಮಾತ್ರ ಆಗಾಗ ಫೋನು ಮಾಡುತ್ತಿದ್ದರು. ಅವರಿಗೆ ವರ್ಷಕ್ಕೊಂದು ಚೀಲ ಕೊಬ್ಬರಿ ಹೋಗುತ್ತಿತ್ತು.

ಅಕ್ಕಯ್ಯ ಹೆಚ್ಚು ಕಾಲ ನರಳಲಿಲ್ಲ. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು, ಸಂಜೆಗೆ ಇರಲಿಲ್ಲ. ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ಹೋದ ಮೇಲೆ ಆ ಮನೆಯ ಪಾತ್ರೆಗಳ ಸದ್ದು ನಿಂತುಹೋಯಿತು. ಯಜಮಾನರು ಜಗಲಿಯಲ್ಲಿ ಕೂತಿರುತ್ತಿದ್ದರು. ಬೈಯುವವರಿಲ್ಲದಿದ್ದರೂ ಬೀಡಿಯನ್ನು ಹಿತ್ತಲಿಗೇ ಹೋಗಿ ಸೇದುತ್ತಿದ್ದರು.

ಕಳೆದ ವಾರ ಘಟಕದ ಮೋಟಾರು ನಿಂತಿತು. ಎರಡು ದಿನ ಯಾರೂ ಕೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಯಜಮಾನರು ಜಗಲಿಯಲ್ಲಿ ಎದ್ದು ನಿಂತು, ಅಕ್ಕಯ್ಯನ ಫೋನನ್ನು ಕಿವಿಗೊತ್ತಿಕೊಂಡು ಕೂಗುತ್ತಿದ್ದರು. ಇಂಜಿನಿಯರ್ ಬದಲಾಗಿದ್ದಾನೆ, ಹೊಸಬ. ಯಾರು ಮಾತಾಡೋದು ಎಂದು ಕೇಳಿರಬೇಕು.

"ನಾನಾ?" ಎಂದು ಯಜಮಾನರು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. "ನಾನು ಅದ್ರೊಳಗೆ ಕಾಯಿ ತುಂಬಿದ್ದೋನು ಕಣಪ್ಪ! ವರದೀಲಿ ನನ್ ವಿಷ್ಯ ಐತೆ, ತೆಗ್ದು ನೋಡು. ಮಧ್ಯಾನದೊಳಗೆ ಮೋಟ್ರು ತಿರುಗ್ಲಿಲ್ಲ ಅಂದ್ರೆ ಮತ್ತೆ ತುಂಬ್ತೀನಿ!"

ಊಟದ ಹೊತ್ತಿಗೆಲ್ಲ ಲೈನ್‌ಮನ್ ಬಂದಿದ್ದ.